ಒಂದು ಸುತ್ತು ಕಡಿಮೆ

ನನ್ನನ್ನು ಯಾರಾದರೂ ಎರಡು ಸಲ ನೋಡಿದರೆ ನನಗೆ ಅನುಮಾನ ಬರುತ್ತದೆ. ಮೂರನೇ ಸಲ ನೋಡಿದರೆ ಜಗಳಕ್ಕೇ ಹೋಗುತ್ತೇನೆ. ಆ ಮನುಷ್ಯ ನನ್ನನ್ನು ಹನ್ನೊಂದು ದಿನ ನೋಡಿದ್ದ.

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ನನ್ನ ಸೈಕಲ್ ಟಿ.ಬಿ. ಡ್ಯಾಂನ ಕಾಲುವೆ ದಂಡೆಯ ಮೇಲೆ ಹೋಗುತ್ತದೆ. ಐದನೇ ಮೈಲಿಯ ಸಣ್ಣ ಸೇತುವೆಯ ಹತ್ತಿರ ಅವನು ನಿಂತಿರುತ್ತಿದ್ದ. ಕೈಯಲ್ಲಿ ಉದ್ದನೆಯ ರಟ್ಟಿನ ಪುಸ್ತಕ. ನಾನು ಹತ್ತಿರ ಬಂದಂತೆ ವಾಚ್ ನೋಡುವುದು, ನನ್ನನ್ನು ನೋಡುವುದು, ತಲೆ ತಗ್ಗಿಸಿ ಏನೋ ಬರೆಯುವುದು. ನಗುವುದಿಲ್ಲ, ಸಿಳ್ಳೆ ಹಾಕುವುದಿಲ್ಲ. ಪೋಲಿ ಹುಡುಗನಾಗಿದ್ದರೆ ಅಷ್ಟು ಚಿಂತೆ ಇರಲಿಲ್ಲ, ಪೋಲಿಗಳನ್ನು ಸಂಭಾಳಿಸುವುದು ನನಗೆ ಗೊತ್ತು. ಬರೆದುಕೊಳ್ಳುವವರನ್ನು ಏನು ಮಾಡಬೇಕು?

ನಾನು ಹೊಸಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹೆಸರು ಗಂಗಾಂಬಿಕಾ, ಮನೆಯಲ್ಲಿ ಅಂಬಿಕಾ. ಡ್ರಿಲ್ ಇರುವ ದಿನವೇ ಹೊಟ್ಟೆನೋವು ತಂದುಕೊಳ್ಳುವ ಮಕ್ಕಳನ್ನು ನೋಡಿ ನೋಡಿ, ನಿಜ ಹೇಳುವವರ ಮುಖದಲ್ಲೂ ಸುಳ್ಳು ಹುಡುಕುವ ಚಟ ನನಗೆ ಹತ್ತಿಬಿಟ್ಟಿದೆ. ಆ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಅನುಮಾನಕ್ಕೆ ಬೇರೆ ಕಾರಣವೂ ಇತ್ತು. ಸಂಡೂರಿನಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗನಿಗೆ ಹನ್ನೆರಡು ಟಿಪ್ಪರ್ ಇದ್ದವು. ಸಂಡೂರಿನ ಗುಡ್ಡವೆಲ್ಲ ಅದಿರಾಗಿ ಲಾರಿ ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ಹುಡುಗ ಏನು ಓದಿದ್ದಾನೆ ಎಂದು ಕೇಳುವುದನ್ನು ಬಿಟ್ಟು ಎಷ್ಟು ಟಿಪ್ಪರ್ ಇವೆ ಎಂದು ಕೇಳುವ ಕಾಲ.

ಸಂಬಂಧ ಕೂಡಿಸುವ ಮುಂಚೆ ಹುಡುಗಿಯ ಬಗ್ಗೆ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಕಿರಾಣಿ ಅಂಗಡಿಯವರನ್ನು ಕೇಳುತ್ತಾರೆ, ಎದುರು ಮನೆಯವರನ್ನು ಕೇಳುತ್ತಾರೆ, ಶಾಲೆಯ ಜವಾನನಿಗೆ ಚಹಾ ಕುಡಿಸುತ್ತಾರೆ. ಸಂಡೂರಿನವರು ಒಂದು ಹೆಜ್ಜೆ ಮುಂದೆ ಹೋಗಿ ಪುಸ್ತಕ ಕೊಟ್ಟು ಒಬ್ಬನನ್ನೇ ನಿಲ್ಲಿಸಿದ್ದಾರೆ ಎಂದುಕೊಂಡೆ. ಬೆಳಕು ಹರಿಯುವ ಹೊತ್ತಿಗೇ ಹುಡುಗಿ ಚಡ್ಡಿ ಹಾಕಿಕೊಂಡು ಎಲ್ಲಿಗೆ ಹೋಗುತ್ತಾಳೆ, ಎಷ್ಟಕ್ಕೆ ಹೋಗುತ್ತಾಳೆ, ಯಾರ ಜೊತೆ ಹೋಗುತ್ತಾಳೆ.

ಹನ್ನೆರಡನೇ ದಿನ ಬ್ರೇಕ್ ಹಿಡಿದು ಅವನ ಮುಂದೆಯೇ ಇಳಿದೆ.

"ಏನ್ ಬರೀತೀರಿ ದಿನಾ?"

"ನೀರು ಬರೀತೀನ್ರಿ."

ಸೇತುವೆಯ ಕಲ್ಲುಕಂಬಕ್ಕೆ ಬಳಿದಿದ್ದ ಅಡಿ, ಇಂಚುಗಳ ಪಟ್ಟಿಯನ್ನು ತೋರಿಸಿದ. ಕಾಲುವೆ ಆಫೀಸಿನ ಗೇಜ್ ರೀಡರ್ ಅಂತೆ, ಹೆಸರು ಹಂಪೇಶ್, ಊರು ಹಂಪಿಯ ಪಕ್ಕದ ಕಡ್ಡಿರಾಂಪುರ. ದಿನಾ ಬೆಳಿಗ್ಗೆ ಆರಕ್ಕೆ ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಇದೆ ಎಂದು ನೋಡಿ ಬರೆಯುವುದು ಅವನ ಕೆಲಸ. ಹೇಳುವುದನ್ನು ಬಹಳ ಮರ್ಯಾದೆಯಿಂದ ಹೇಳಿದ. ಮರ್ಯಾದೆ ಜಾಸ್ತಿ ಇದ್ದ ಕಡೆ ನನಗೆ ನಂಬಿಕೆ ಕಡಿಮೆ. ಪುಸ್ತಕ ಕೊಡಿ ಅಂದೆ. ಕೊಡಲು ಸ್ವಲ್ಪ ತಡ ಮಾಡಿದ. ನಾನೇ ಕಿತ್ತುಕೊಂಡೆ.

ತಾರೀಖು, ಅಡಿ, ಇಂಚು, ಸಹಿ. ಎಲ್ಲಾ ಸರಿಯಾಗಿತ್ತು. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಇನ್ನೊಂದು ಸಾಲು ಇತ್ತು. 3.04. 3.01. 3.09. 2.58.

"ಇದು ಯಾವ ನೀರು?" ಅಂದೆ.

ಅವನ ಕಿವಿ ಕೆಂಪಾದವು. ಕಪ್ಪು ಮೈಬಣ್ಣದವನ ಕಿವಿ ಅಷ್ಟು ಕೆಂಪಾಗಬಹುದು ಎಂದು ನನಗೆ ಗೊತ್ತಿರಲಿಲ್ಲ.

"ಅದು ನೀರಲ್ರಿ. ಅದು ನೀವು."

ತಿರುವಿನ ಮೈಲಿಗಲ್ಲಿನಿಂದ ಸೇತುವೆಗೆ ಸರಿಯಾಗಿ ಒಂದು ಮೈಲಿ. ನೇರ ಕಾಲುವೆ, ಕಣ್ಣಿಗೆ ಕಾಣುತ್ತದೆ. ಒಂದು ದಿನ ಸುಮ್ಮನೆ ವಾಚ್ ನೋಡಿದನಂತೆ, ಮರುದಿನ ಹೆಚ್ಚೋ ಕಡಿಮೆಯೋ ಎಂದು ಕುತೂಹಲ ಆಯಿತಂತೆ, ಅಲ್ಲಿಂದ ಅಭ್ಯಾಸ ಆಯಿತಂತೆ. ಸಿಟ್ಟಿನಿಂದ ಸೈಕಲ್ ಹತ್ತಿದೆ. ಹಿಂದಿನಿಂದ ಮೆಲ್ಲಗೆ ಕೇಳಿದ.

"ಮಂಗಳವಾರ ಯಾಕ್ರಿ ಎಂಟು ಸೆಕೆಂಡು ನಿಧಾನ ಆಗ್ತೀರಿ?"

ಸೋಮವಾರ ನಾನು ಒಪ್ಪತ್ತು ಇರುತ್ತೇನೆ. ಅದು ನಮ್ಮ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಎಂಟು ಸೆಕೆಂಡು ಅಂತೂ ಅವ್ವನಿಗೂ ಗೊತ್ತಿಲ್ಲ. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ತುಳಿದೆ. ಮನೆಗೆ ಬಂದು ಕನ್ನಡಿ ನೋಡಿದರೆ ನಗುತ್ತಿದ್ದೆ.

ಆ ವಾರವೇ ಊರಲ್ಲಿ ಸುದ್ದಿ ಎದ್ದಿತು. ದೀಪಾವಳಿ ಆದ ಮೇಲಿನ ಭಾನುವಾರ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಸೈಕಲ್ ರೇಸ್. ಉದ್ದನೆಯ ರಸ್ತೆ ರೇಸ್ ಅಲ್ಲ, ಒಂದೇ ಸಣ್ಣ ಹಾದಿಯನ್ನು ಮತ್ತೆ ಮತ್ತೆ ಸುತ್ತುವುದು. ಸೈಕಲ್ ರೇಸಿಗೆ ಹೆಸರಾದ ಬಿಜಾಪುರದವರು ಕ್ರೈಟೀರಿಯಂ ಎನ್ನುತ್ತಾರೆ, ನಮ್ಮೂರಿನವರು ಸುತ್ತು ರೇಸ್ ಅಂದರು. ಹೆಂಗಸರಿಗೂ ಒಂದು ವಿಭಾಗ ಇತ್ತು, ಹದಿನೈದು ಸುತ್ತು. ಕಾಲೇಜು ಬಿಟ್ಟ ಮೇಲೆ ನಾನು ರೇಸಿಗೆ ನಿಂತಿರಲಿಲ್ಲ. ಬಿಜಾಪುರದ ಸೀನಿಯರ್ ಒಬ್ಬಳಿಂದ ಹಳೆಯ ರೇಸ್ ಸೈಕಲ್ ತಂದು, ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ ತುಳಿಯುತ್ತಿದ್ದೆ ಅಷ್ಟೆ.

ರೇಸಿಗೆ ಹೆಸರು ಕೊಟ್ಟು, ಅಪ್ಪನ ಜೊತೆ ಒಂದು ಪಂದ್ಯ ಕಟ್ಟಿದೆ. ಅಪ್ಪ ಅಂದಾನಪ್ಪ ಭತ್ತದ ವ್ಯಾಪಾರಿ, ಕಂಪ್ಲಿ ಹತ್ತಿರ ಕಾಲುವೆಯ ಕಟ್ಟಕಡೆಯ ತುದಿಯಲ್ಲಿ ಗದ್ದೆಯೂ ಇದೆ. ಗೆದ್ದರೆ ಒಂದು ವರ್ಷ ಮನೆಯಲ್ಲಿ ಯಾರೂ ಮದುವೆ ಮಾತು ಎತ್ತಬಾರದು. ಸೋತರೆ ಸಂಡೂರಿನ ಹುಡುಗನಿಗೆ ಬರಹೇಳಬಹುದು, ನಾನು ತಕರಾರು ಮಾಡದೆ ನೋಡುತ್ತೇನೆ. ಅಪ್ಪ ಒಪ್ಪಿಕೊಂಡರು. ಹೆಂಗಸರ ರೇಸಿಗೆ ಬಾಗಲಕೋಟೆಯ ಭೀಮಮ್ಮ ಎನ್ನುವ ಹುಡುಗಿ ಬರುತ್ತಾಳೆ, ಅವಳನ್ನು ಯಾರೂ ಸೋಲಿಸಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು ಎನ್ನುವುದು ನನ್ನ ಅನುಮಾನ.

ಈ ಮಾತನ್ನು ಹಂಪೇಶನಿಗೆ ನಾನು ಹೇಳಲಿಲ್ಲ. ಸಂಡೂರಿನ ಹುಡುಗ ಎನ್ನುವ ಶಬ್ದವನ್ನೇ ಅವನ ಮುಂದೆ ಎತ್ತಲಿಲ್ಲ. ನಂಬಬೇಕೋ ಬೇಡವೋ ಎಂದು ಇನ್ನೂ ಗಟ್ಟಿ ಆಗಿರಲಿಲ್ಲ.

ಅಪ್ಪನಿಗಂತೂ ಗೇಜಿನವರೆಂದರೆ ಮೈಯೆಲ್ಲಾ ಉರಿ. ಕಾಲುವೆಯ ತುದಿಯಲ್ಲಿ ಗದ್ದೆ ಇದ್ದವರಿಗೆಲ್ಲ ಹಾಗೆ. ಮೇಲಿನ ಗದ್ದೆಯವರು ಗೇಜಿನವನಿಗೆ ಚಹಾ ಕುಡಿಸುತ್ತಾರೆ, ಅವನು ಪುಸ್ತಕದಲ್ಲಿ ಒಂದು ಇಂಚು ಜಾಸ್ತಿ ಬರೆಯುತ್ತಾನೆ, ಕಾಗದದ ಮೇಲೆ ನೀರು ಬರುತ್ತದೆ, ಗದ್ದೆಗೆ ಬರುವುದಿಲ್ಲ. ಊಟಕ್ಕೆ ಕುಳಿತಾಗ ವಾರಕ್ಕೊಮ್ಮೆಯಾದರೂ ಈ ಮಾತು ನಮ್ಮ ಮನೆಯಲ್ಲಿ ಬರುತ್ತಿತ್ತು. ನಾನು ಅದನ್ನು ಕೇಳಿಕೊಂಡೇ ಬೆಳೆದವಳು.

ಆದರೂ ದಿನಾ ಸೇತುವೆಯ ಹತ್ತಿರ ಇಳಿಯತೊಡಗಿದೆ.

ಎರಡು ನಿಮಿಷ. ಕೆಲವೊಮ್ಮೆ ಐದು. ಅವನು ಟೈಮು ಹೇಳುತ್ತಿದ್ದ, ನಾನು ನಂಬದೆ ವಾಚ್ ತೋರಿಸು ಎನ್ನುತ್ತಿದ್ದೆ. ಅವನ ವಾಚನ್ನು ಆಕಾಶವಾಣಿಯ ಸಮಯಕ್ಕೆ ಹೋಲಿಸಿ ನೋಡಿದ್ದೂ ಉಂಟು. ಎರಡು ಸೆಕೆಂಡೂ ಹಿಂದೆ ಮುಂದೆ ಇರಲಿಲ್ಲ. ಅವನು ಒಂದು ದಿನವೂ ಸುಳ್ಳೇ ಹೊಗಳಲಿಲ್ಲ. ನಾನು ಜೀವ ಬಿಟ್ಟು ತುಳಿದು ಬಂದು ಏದುಸಿರು ಬಿಡುತ್ತಿದ್ದರೆ, ನಿನ್ನೆಗಿಂತ ಒಂದು ಸೆಕೆಂಡು ಹೆಚ್ಚಾಯಿತು ಎಂದು ತಣ್ಣಗೆ ಹೇಳುತ್ತಿದ್ದ.

"ಒಂದು ಸೆಕೆಂಡು ಬಿಟ್ಟು ಬರದ್ರ ನಿಮ್ಮ ಗಂಟು ಏನು ಹೋಗ್ತದ?" ಅಂದೆ ಒಮ್ಮೆ.

"ಬಿಟ್ಟ ಸೆಕೆಂಡು ರೇಸಿನಾಗ ಸಿಗ್ತದಲ್ರಿ, ಆಗ ನನ್ನನ್ನ ಬೈತೀರಿ."

ಬೈಯುವುದಕ್ಕೆ ಕಾರಣ ಸಿಗದಿದ್ದಾಗ ಅವನ ಕೈಗಳನ್ನು ನೋಡುತ್ತಿದ್ದೆ. ಉದ್ದನೆಯ ಬೆರಳು, ಉಗುರಿನಲ್ಲಿ ಕಾಲುವೆಯ ಪಾಚಿ. ನನ್ನ ಎಡ ಮೊಣಕೈ ಹೊರಗೆ ಚಾಚಿಕೊಳ್ಳುತ್ತದೆ, ಅದರಿಂದ ಗಾಳಿ ತಡೆಯುತ್ತದೆ ಎಂದು ಹೇಳಿದವನೂ ಅವನೇ. ಒಳಗೆ ಎಳೆದುಕೊಂಡೆ. ಮರುದಿನ ಮತ್ತೆ ಹೊರಗೆ ಬಂದಿತ್ತು. ನಗುತ್ತಾ, ಅದು ಹೊರಗಿದ್ದರೇ ಒಳ್ಳೆಯದು, ಅರ್ಧ ಮೈಲಿ ದೂರದಿಂದ ನೀವೇ ಎಂದು ಗೊತ್ತಾಗುತ್ತದೆ ಅಂದ. ಆ ದಿನ ಶಾಲೆಯಲ್ಲಿ ಹೊಟ್ಟೆನೋವು ಎಂದ ಹುಡುಗಿಯನ್ನು ಒಂದು ಮಾತೂ ಕೇಳದೆ ಮನೆಗೆ ಕಳಿಸಿದೆ. ಅಷ್ಟು ಕೆಟ್ಟಿತ್ತು ನನ್ನ ಸ್ಥಿತಿ.

ಪ್ರೀತಿ ಆಗಿದೆ ಎಂದು ನನಗೆ ಗೊತ್ತಿತ್ತು. ಅವನ ಬಗ್ಗೆ ಗೊತ್ತಿರಲಿಲ್ಲ. ವಾಚ್ ನೋಡುವವನು ನನ್ನನ್ನು ನೋಡುತ್ತಾನೋ, ಟೈಮನ್ನು ನೋಡುತ್ತಾನೋ? ಕೇಳಲು ಧೈರ್ಯ ಇರಲಿಲ್ಲ. ಕೇಳಿದರೂ ಉತ್ತರ ನಂಬುತ್ತಿರಲಿಲ್ಲ.

ರೇಸಿನ ದಿನ ಬೆಳಿಗ್ಗೆ ನೋಡಿದರೆ ಸುತ್ತು ಬರೆಯುವ ಮೇಜಿನ ಹಿಂದೆ ಅವನೇ ಕುಳಿತಿದ್ದ. ಕ್ವಾರ್ಟರ್ಸಿನಲ್ಲಿ ರೇಸ್ ನಡೆಯುವುದರಿಂದ ಕಾಲುವೆ ಆಫೀಸಿನವರನ್ನೇ ಕೆಲಸಕ್ಕೆ ಹಚ್ಚಿದ್ದರು, ಲೆಕ್ಕ ತಪ್ಪದೆ ಬರೆಯುವವನು ಎಂದು ಅವನನ್ನು ಕೂರಿಸಿದ್ದರು. ಮೇಜು, ಗಂಟೆ, ಉಳಿದ ಸುತ್ತು ತೋರಿಸುವ ಬೋರ್ಡು ಎಲ್ಲಾ ನಮ್ಮ ಶಾಲೆಯವು. ಬೋರ್ಡು ತಿರುವಲು ನನ್ನ ಗೆಳತಿ, ಲೆಕ್ಕದ ಟೀಚರ್ ಶ್ರೀಲಕ್ಷ್ಮೀ ಇದ್ದಳು.

ನನ್ನವನು ಲೆಕ್ಕಕ್ಕೆ ಕುಳಿತಿದ್ದಾನೆ ಎಂದು ಖುಷಿಯಾಗಬೇಕಿತ್ತು. ಆಗಲಿಲ್ಲ. ಅವನ ಪಕ್ಕದಲ್ಲಿ ಬಿಳಿ ಬಟ್ಟೆಯ ದಪ್ಪ ಮನುಷ್ಯನೊಬ್ಬ ನಿಂತು, ಅವನ ಹೆಗಲ ಮೇಲೆ ಕೈಯಿಟ್ಟು, ಚಹಾದ ಲೋಟ ಹಿಡಿಸಿ ನಗುತ್ತಾ ಮಾತಾಡುತ್ತಿದ್ದ. ಗವಿಸಿದ್ದಪ್ಪ. ರೇಸ್ ಕಮಿಟಿಯ ಅಧ್ಯಕ್ಷ. ಸಂಡೂರಿನ ಹುಡುಗನ ಸೋದರಮಾವ.

ಹಂಪೇಶ್ ತಲೆ ತಗ್ಗಿಸಿ ಕೇಳುತ್ತಿದ್ದ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದ. ಅವನು ಹಾಗೆ ನೋಡಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಚಹಾ ಕುಡಿಸಿದರೆ ಒಂದು ಇಂಚು ಎಂದ ಅಪ್ಪನ ಮಾತು ನೆನಪಾಯಿತು.

ಬಿಜಾಪುರದಿಂದ ಬಂದ ಜಡ್ಜ್ ನಿಯಮ ಹೇಳಿದರು. ಬಿದ್ದವರಿಗೆ, ಪಂಕ್ಚರ್ ಆದವರಿಗೆ ಒಂದು ಸುತ್ತು ಮಾಫಿ. ಸೈಕಲ್ ಸರಿ ಮಾಡಿಕೊಂಡು, ಗುಂಪು ಮತ್ತೆ ಬಂದಾಗ ಸೇರಿಕೊಳ್ಳಬೇಕು. ಆ ಸಲ ಸೇರಿಕೊಳ್ಳದಿದ್ದರೆ ಒಂದು ಸುತ್ತು ಹಿಂದೆ ಬಿದ್ದಂತೆ.

ಹತ್ತೊಂಬತ್ತು ಜನ ಹೊರಟೆವು. ಒಂದು ಸುತ್ತಿಗೆ ಒಂದೂಕಾಲು ಕಿಲೋಮೀಟರ್, ನಾಲ್ಕು ತಿರುವು. ಕಾಲುವೆ ದಂಡೆಯ ಮೇಲೆ ಒಂಟಿಯಾಗಿ ತುಳಿಯುವುದು ಬೇರೆ, ಇದು ಬೇರೆ. ಇಲ್ಲಿ ಪಕ್ಕದವಳ ಉಸಿರು ಕಿವಿಗೆ ತಾಗುತ್ತದೆ, ಮುಂದಿನವಳ ಹಿಂದಿನ ಚಕ್ರಕ್ಕೂ ನಿನ್ನ ಮುಂದಿನ ಚಕ್ರಕ್ಕೂ ಗೇಣು ಅಂತರ. ತಿರುವು ಬಂದಾಗ ಎಲ್ಲರೂ ಒಟ್ಟಿಗೆ ಬ್ರೇಕ್ ಹಿಡಿಯುತ್ತಾರೆ, ದಾಟಿದ ಕೂಡಲೇ ಎಲ್ಲರೂ ಒಟ್ಟಿಗೆ ಎದ್ದು ತುಳಿಯುತ್ತಾರೆ. ಎರಡನೇ ಸುತ್ತಿಗೇ ಬಾಯಿ ಒಣಗಿತು. ನಾಲ್ಕನೆಯದಕ್ಕೆ ಭಯ ಹೋಯಿತು. ಐದನೆಯದಕ್ಕೆ ನನಗೆ ಇದು ಎಷ್ಟು ಇಷ್ಟ ಎಂದು ನೆನಪಾಯಿತು. ಇಷ್ಟು ವರ್ಷ ಯಾಕೆ ಬಿಟ್ಟಿದ್ದೆ ಎಂದು ಅಳು ಬರುವಷ್ಟು ಇಷ್ಟ.

ಭೀಮಮ್ಮ ನನ್ನ ಹಿಂದೆಯೇ ಅಂಟಿಕೊಂಡಿದ್ದಳು. ಗಾಳಿ ನನಗೆ, ಆರಾಮು ಅವಳಿಗೆ. ತಿರುಗಿ ನೋಡಿದರೆ ನಕ್ಕಳು. ಅವಳ ಮೇಲೂ ಅನುಮಾನ ಪಟ್ಟೆ.

ಸುತ್ತು ಬರೆಯುವ ಮೇಜಿಗೆ ಎದುರಾಗಿ ಕಾಣುವ ಮೂರನೇ ತಿರುವೇ ಕಂಟಕ. ಹಿಂದಿನ ದಿನದವರೆಗೂ ಅಲ್ಲಿ ಅದಿರಿನ ಲಾರಿ ಓಡಾಡಿ ಕೆಂಪು ಪುಡಿ ಚೆಲ್ಲಿತ್ತು. ಧೂಳು ಏಳಬಾರದು ಎಂದು ಕಮಿಟಿಯವರು ಬೆಳಿಗ್ಗೆ ಟ್ಯಾಂಕರಿನಿಂದ ನೀರು ಹೊಡೆಸಿದ್ದರು. ಅದಿರಿನ ಪುಡಿಗೆ ನೀರು ಬಿದ್ದರೆ ಎಣ್ಣೆ ಆಗುತ್ತದೆ ಎನ್ನುವುದು ಹೊಸಪೇಟೆಯ ಪ್ರತಿ ಲೂನಾದವನಿಗೂ ಗೊತ್ತು, ಕಮಿಟಿಯವರಿಗೆ ಗೊತ್ತಾಗಲಿಲ್ಲ. ಸುತ್ತು ಸುತ್ತಿಗೂ ಮೈಮೇಲೆ ಕೆಂಪು ಕೆಸರು ಹಾರುತ್ತಿತ್ತು. ಅರ್ಧ ರೇಸಿನ ಹೊತ್ತಿಗೆ ಎಲ್ಲರ ಬೆನ್ನೂ ಒಂದೇ ಬಣ್ಣ, ಯಾರ ನಂಬರೂ ಕಾಣುತ್ತಿರಲಿಲ್ಲ.

ಏಳನೇ ಸುತ್ತು ದಾಟಿ ಅಲ್ಲಿಗೆ ಬಂದಾಗ ಮುಂದಿನವಳು ಜಾರಿದಳು, ನಾನು ಅವಳ ಮೇಲೆ ಹೋದೆ.

ನೋವು ಗೊತ್ತಾಗಲಿಲ್ಲ. ಕಣ್ಣಿನ ತುಂಬಾ ಕೆಸರು. ಸೈಕಲ್ ಅಂಗಡಿಯ ಕೆಂಚಣ್ಣ ರಿಪೇರಿಗೆ ನಿಂತಿದ್ದವನು ಓಡಿ ಬಂದ, ಚಕ್ರ ಸೊಟ್ಟ ಆಗಿದೆ ಬದಲಿಸುತ್ತೇನೆ ಅಂದ. ಪಕ್ಕದಲ್ಲೇ ಕ್ವಾರ್ಟರ್ಸಿನ ನಳ ಇತ್ತು. ಅದರ ಕೆಳಗೆ ತಲೆ ಹಿಡಿದೆ. ಡ್ಯಾಂ ಪಕ್ಕದ ನಳ, ರಭಸ ಕೇಳಬೇಕೇ? ಕಿವಿಯಲ್ಲಿ ಬರೀ ನೀರಿನ ಸದ್ದು. ಕಣ್ಣು ಉರಿಯುತ್ತಿತ್ತು, ಉಜ್ಜಿದಷ್ಟೂ ಉರಿಯುತ್ತಿತ್ತು. ಕಣ್ಣು ಬಿಟ್ಟಾಗ ಕೆಂಚಣ್ಣ ಸೈಕಲ್ ಹಿಡಿದು ನಿಂತಿದ್ದ, ಗುಂಪು ತಿರುವಿಗೆ ಬರುತ್ತಿತ್ತು. ಹತ್ತಿ ಸೇರಿಕೊಂಡೆ.

ಆಮೇಲೆ ನಾನು ತುಳಿದದ್ದು ಸಿಟ್ಟಿನಿಂದ. ಬೋರ್ಡು ಮಂಜು ಮಂಜಾಗಿ ಕಾಣುತ್ತಿತ್ತು, ನೋಡುವುದನ್ನೇ ಬಿಟ್ಟೆ. ಶ್ರೀಲಕ್ಷ್ಮೀ ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ನಾನು ಮೂರನೆಯವಳು. ಕೊನೆಯ ತಿರುವಿನಲ್ಲಿ ಎರಡನೆಯವಳು. ಭೀಮಮ್ಮನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ ತುಳಿದೆ. ಗೆರೆ ದಾಟಿದಾಗ ನನ್ನ ಚಕ್ರ ಅರ್ಧ ಮೊಳ ಮುಂದಿತ್ತು.

ಮೈಕಿನವನು ನನ್ನ ಹೆಸರು ಕೂಗಿದ. ಅವ್ವ ಅಳುತ್ತಿದ್ದಳು. ಒಂದು ವರ್ಷ ಸಿಕ್ಕಿತು ಎಂದುಕೊಂಡೆ. ಒಂದು ವರ್ಷ ಅಂದರೆ ಮುನ್ನೂರ ಅರವತ್ತೈದು ಬೆಳಗು, ಸೇತುವೆ, ಆ ಕಿವಿಗಳು. ಮೇಜಿನ ಕಡೆ ನೋಡಿದೆ, ಅವನೂ ನಗುತ್ತಿರಬೇಕು ಎಂದು.

ಹಂಪೇಶ್ ಎದ್ದು ನಿಂತು ಕೈಯೆತ್ತಿದ್ದ.

"ಹದಿನೇಳು ನಂಬರ್ ಒಂದು ಸುತ್ತು ಕಡಿಮಿ ಐತ್ರಿ ಸರ್. ಮಾಫಿ ಸುತ್ತು ಸೇರಿಸಿ ಹದಿನಾಲ್ಕ ಆಗ್ಯಾವ."

ಹದಿನೇಳು ನನ್ನ ನಂಬರ್.

ಜಡ್ಜ್ ಹಾಳೆ ತೆಗೆದುಕೊಂಡು ನೋಡಿ, ನಂಬರೇ ಕಾಣುತ್ತಿರಲಿಲ್ಲವಲ್ಲ, ಇವರೇ ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಗದರಿದರು. ಸುತ್ತ ಐನೂರು ಜನ ಇದ್ದರು.

"ಅವರದು ನನಗ ನಂಬರ್ ಬೇಕಾಗಿಲ್ಲ ಸರ್. ನಾಲ್ಕು ತಿಂಗಳು ದಿನಾ ನೋಡೀನಿ. ಅವರು ಬರೋದು ನನಗ ದೂರದಿಂದನ ಗೊತ್ತಾಗ್ತದ."

ಯಾರೋ ಸಿಳ್ಳೆ ಹಾಕಿದರು. ಅಪ್ಪನ ಮುಖ ಕಪ್ಪಾಯಿತು. ಜಡ್ಜ್ ಭೀಮಮ್ಮನ ಹೆಸರು ಘೋಷಿಸಿದರು. ಗವಿಸಿದ್ದಪ್ಪ ಚಪ್ಪಾಳೆ ತಟ್ಟುತ್ತಾ ಅಪ್ಪನ ಹತ್ತಿರ ಬಂದು, ಇನ್ನೇನು ಬೀಗರೇ, ದಿನ ಗೊತ್ತು ಮಾಡಿ ಅಂದ. ಅಲ್ಲಿಗೆ ನನಗೆ ಎಲ್ಲಾ ಅರ್ಥವಾಯಿತು ಅನಿಸಿತು. ಹೆಗಲ ಮೇಲಿನ ಕೈ. ಚಹಾದ ಲೋಟ. ಆ ನೋಟ.

ಕೆಸರು ಮೈಯಲ್ಲೇ ಮೇಜಿನ ಮುಂದೆ ಹೋಗಿ ನಿಂತೆ.

"ನನ್ನ ಸುತ್ತು ಯಾರಿಗೆ ಕೊಟ್ರಿ? ಇಂಚು ಕೊಡೋವ್ರಿಗೆ ಸುತ್ತು ಕೊಡೋದು ಏನ್ ಭಾರ ಅಲ್ಲ ಬಿಡ್ರಿ."

ಗೇಜಿನವನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ, ಗೊತ್ತಿದ್ದೇ ಬೈದೆ. ಅವನ ಕಿವಿ ಕೆಂಪಾಗಲಿಲ್ಲ, ಮುಖ ಬಿಳಿಚಿಕೊಂಡಿತು.

"ಆದಷ್ಟು ಬರದೀನ್ರಿ," ಅಂದ, ಅಷ್ಟೆ.

ಕಾಲುವೆ ಕಡೆಗೆ ಹೋಗುವುದನ್ನು ಬಿಟ್ಟೆ. ಮಂಡಿಯ ಗಾಯ ಒಂದು ವಾರಕ್ಕೆ ಒಣಗಿತು, ಆದರೂ ಹೋಗಲಿಲ್ಲ. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಮೋಸ ಮಾಡಿದವನ ಮೇಲೆ ಸಿಟ್ಟು ಬರಬೇಕು, ಬಂದಿತ್ತು. ಅದರ ಜೊತೆ ಅವನ ನೆನಪೂ ಬರುತ್ತಿತ್ತು, ಅದನ್ನು ಏನು ಮಾಡಬೇಕು ಎಂದು ತಿಳಿಯಲಿಲ್ಲ. ಸಂಡೂರಿನವರು ಮೂರು ವಾರ ಬಿಟ್ಟು ಭಾನುವಾರ ಬರುತ್ತೇವೆ ಎಂದು ಹೇಳಿ ಕಳಿಸಿದರು. ಮಾತು ಕೊಟ್ಟಿದ್ದೆ, ಹೂಂ ಅಂದೆ.

ರೇಸಿನ ಸಾಮಾನಿನ ಪೆಟ್ಟಿಗೆ ಶಾಲೆಯ ಆಟದ ರೂಮಿಗೆ ವಾಪಸ್ಸು ಬಂದು ಬಿದ್ದಿತ್ತು. ಅದನ್ನು ನೋಡಿದರೆ ಮೈ ಉರಿಯುತ್ತಿತ್ತು, ಬಿಚ್ಚಿರಲಿಲ್ಲ. ಸಂಡೂರಿನವರು ಬರುವ ಮುಂಚಿನ ಶುಕ್ರವಾರ ಗಂಟೆ ಬೇಕಾಗಿ ಬಿಚ್ಚಿದೆ. ಬೋರ್ಡಿನ ಕೆಳಗೆ ಸುತ್ತಿನ ಹಾಳೆ ಇತ್ತು.

ಹದಿನೆಂಟು ಜನರ ಮುಂದೆ ಸುತ್ತಿಗೊಂದು ಗೀಟು. ನನ್ನ ಸಾಲಿನಲ್ಲಿ ಗೀಟು ಇರಲಿಲ್ಲ. ಪ್ರತಿ ಮನೆಯಲ್ಲೂ ಟೈಮು ಇತ್ತು, ಅದೇ ಪೆನ್ಸಿಲ್, ಅದೇ ಪುಟ್ಟ ಅಂಕಿಗಳು. 2.14. 2.12. 2.15. ಎಂಟನೇ ಮನೆಯಲ್ಲಿ 'ಬಿದ್ದರು, ಮಾಫಿ' ಎಂದು ಬರೆದಿದ್ದ. ಒಂಬತ್ತನೇ ಮನೆ ನೋಡಿ ನನ್ನ ಕೈ ನಿಂತಿತು.

'ಗುಂಪು ಹೋಯಿತು. ನಳದ ಕೆಳಗೆ ಮುಖ ತೊಳೆಯುತ್ತಿದ್ದಾರೆ. ಕಣ್ಣಿಗೆ ಪೆಟ್ಟಾಗಿದೆಯೋ ಏನೋ.'

ನಂಬಲಿಲ್ಲ. ನಾನು ಅಷ್ಟು ಸುಲಭಕ್ಕೆ ನಂಬುವವಳಲ್ಲ. ಪೀರಿಯಡ್ ಬಿಟ್ಟು ಸೀದಾ ಕೆಂಚಣ್ಣನ ಅಂಗಡಿಗೆ ಹೋಗಿ, ನಾನು ನಳದ ಹತ್ತಿರ ಇದ್ದಾಗ ಗುಂಪು ಎಷ್ಟು ಸಲ ಹೋಯಿತು ಎಂದು ಕೇಳಿದೆ. ಅವನು ಚಕ್ರದಿಂದ ತಲೆಯೆತ್ತಿದ.

"ನೀ ಸೇರಿಕೊಳ್ಳೋದಕ್ಕಿಂತ ಮೊದಲ ಒಂದು ಸಲ ಹೋತಲ್ಲವ್ವ. ನಾ ಒದರಿದೆ, ನಿನಗ ಕೇಳಿಸಲಿಲ್ಲ. ಗೊತ್ತಿರಬೇಕು ಅಂದ್ಕೊಂಡಿದ್ದೆ."

ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತೆ. ನಾನೇ ತಪ್ಪಿದ್ದೆ. ಐನೂರು ಜನರ ಮುಂದೆ ಬೈದಿದ್ದೆ.

ಸಂಜೆ ಶ್ರೀಲಕ್ಷ್ಮಿಯನ್ನು ಹಿಡಿದು, ಗವಿಸಿದ್ದಪ್ಪ ಅವನ ಕಿವಿಯಲ್ಲಿ ಏನು ಹೇಳಿದ ಎಂದು ಕೇಳಿದೆ. ಅವಳು ಪಕ್ಕದಲ್ಲೇ ಬೋರ್ಡು ಜೋಡಿಸುತ್ತಿದ್ದವಳು, ಎಲ್ಲಾ ಕೇಳಿಸಿಕೊಂಡಿದ್ದಳು. ಗವಿಸಿದ್ದಪ್ಪ ಏನನ್ನೂ ಬೇಡಿರಲಿಲ್ಲ. ಅಪ್ಪನಿಂದ ತಿಳಿದ ನಮ್ಮ ಪಂದ್ಯದ ಮಾತನ್ನು ತಮಾಷೆಯಾಗಿ ಹೇಳಿ ನಗಾಡಿದ್ದನಂತೆ. ಹದಿನೇಳು ನಂಬರಿನ ಹುಡುಗಿ ಸೋತರೆ ನಮ್ಮ ಮನೆ ಸೊಸೆ, ಗೆದ್ದರೆ ಒಂದು ವರ್ಷ ಯಾರಿಗೂ ಸಿಗಲ್ಲ, ಭಾಳ ಗಟ್ಟಿ ಹೆಣ್ಣು ಎಂದನಂತೆ.

"ಅದನ್ನ ಕೇಳಿ ಅವರು ಚಹಾ ಕುಡೀಲೇ ಇಲ್ಲ ಅಂಬಿಕಾ," ಅಂದಳು ಶ್ರೀಲಕ್ಷ್ಮೀ. "ಆಮ್ಯಾಲ ಒಂಬತ್ತನೇ ಮನಿ ಮುಂದ ಪೆನ್ಸಿಲ್ ಹಿಡಕೊಂಡು ಎಷ್ಟೊತ್ತು ಕುಂತಿದ್ರು. ಯಾಕ ಅಂತ ನನಗ ಆಗ ಗೊತ್ತಾಗಲಿಲ್ಲ."

ನನಗೆ ಗೊತ್ತಾಯಿತು. ಅವನಿಗೆ ಎಲ್ಲಾ ತಿಳಿದಿತ್ತು. ನಂಬರು ಕಾಣುತ್ತಿರಲಿಲ್ಲ, ಇನ್ನೊಬ್ಬರು ಲೆಕ್ಕ ಇಟ್ಟಿರಲಿಲ್ಲ, ಕೆಂಚಣ್ಣನನ್ನು ಯಾರೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಒಂದು ಗೀಟು ಎಳೆದಿದ್ದರೆ ನಾನು ಗೆಲ್ಲುತ್ತಿದ್ದೆ, ಸಂಡೂರು ತಪ್ಪುತ್ತಿತ್ತು, ಅವನ ಬೆಳಗುಗಳು ಅವನಿಗೆ ಉಳಿಯುತ್ತಿದ್ದವು. ಎಳೆಯಲಿಲ್ಲ. ಗೇಜಿನವನ ಇಂಚನ್ನು ನಂಬದವರ ಮನೆಯಲ್ಲಿ ಹುಟ್ಟಿದ ನಾನು, ಆ ಒಂಬತ್ತನೇ ಮನೆಯನ್ನು ನಂಬಿದೆ.

ಭಾನುವಾರ ಸಂಡೂರಿನ ಹುಡುಗ ಬಂದ. ಒಳ್ಳೆಯವನೇ. ಮಂಡಕ್ಕಿ ಮಿರ್ಚಿ ತಿಂದ, ಮಿರ್ಚಿ ಮಸ್ತ್ ಆಗಿದೆ ಅಂದ, ಮದುವೆ ಆದ ಮೇಲೆ ಸೈಕಲ್ ಯಾಕೆ, ಮನೆಯಲ್ಲಿ ಎರಡು ಕಾರು ಇವೆ ಅಂದ. ನಾನು ತಕರಾರು ಮಾಡದೆ ನೋಡಿದೆ. ಅವರು ಹೋದ ಮೇಲೆ ಅಪ್ಪನ ಮುಂದೆ ಕುಳಿತೆ.

"ನೋಡ್ತೀನಿ ಅಂದಿದ್ದೆ, ನೋಡಿದೆ. ಆ ಹುಡುಗ ನನಗ ಬ್ಯಾಡಪ್ಪ. ಗೇಜಿನವರು ಬೇಕು."

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ತಡೆದರು. ಆಮೇಲೆ ಬೈಗುಳ ಶುರುವಾಯಿತು. ಮೂವತ್ತು ವರ್ಷದ ಇಂಚುಗಳೆಲ್ಲ ಹೊರಗೆ ಬಂದವು. ನಾನು ಮುಗಿಯುವ ತನಕ ಕಾದು ಹಾಳೆಯನ್ನು ಅವರ ಮುಂದಿಟ್ಟೆ, ಒಂಬತ್ತನೇ ಮನೆಯ ಮೇಲೆ ಬೆರಳಿಟ್ಟು ಎಲ್ಲಾ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅನುಮಾನ ನನಗೆ ಎಲ್ಲಿಂದ ಬಂದಿದೆ ಎಂದು ಯಾರಾದರೂ ಕೇಳಿದರೆ ಆ ಮುಖ ತೋರಿಸಬೇಕು.

"ಯಾರೂ ನೋಡ್ತಿದ್ದಿಲ್ಲ?"

"ಯಾರೂ ನೋಡ್ತಿದ್ದಿಲ್ಲ."

"ಒಂದು ಗೀಟು ಎಳದಿದ್ರ ನೀ ಅವನಿಗೆ ಉಳೀತಿದ್ದಿ?"

"ಉಳೀತಿದ್ದೆ."

ಅಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಬೀದಿಯ ಕಡೆ ನೋ‌ಡುತ್ತಾ ಕೇಳಿದರು.

"ಯಾವ ಮೈಲಿ ಅಂದಿ?"

ಸೋಮವಾರ ಬೆಳಿಗ್ಗೆ ಸೈಕಲ್ ತೆಗೆದೆ. ಚಳಿ ಬಿದ್ದಿತ್ತು, ಕಾಲುವೆಯ ಮೇಲೆ ಹೊಗೆಯಂತೆ ಮಂಜು. ತಿರುವಿನ ಮೈಲಿಗಲ್ಲು ದಾಟಿದ ಮೇಲೆ ಹೆದರಿಕೆ ಆಗಿ ನಿಧಾನ ಮಾಡಿದೆ, ನಾಚಿಕೆ ಆಗಿ ಜೋರು ಮಾಡಿದೆ. ಅವನು ಸೇತುವೆಯ ಹತ್ತಿರ ನಿಂತಿದ್ದ. ವಾಚ್ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಇಳಿದೆ. ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತವು.

"ತಪ್ಪಾತ್ರಿ," ಅಂದೆ. "ಭಾಳ ಕೆಟ್ಟ ಮಾತು ಆಡಿದೆ. ಹದಿನಾಲ್ಕ ಆಗಿದ್ವು."

"ಹದಿನೈದು ಆಗಿದ್ರ ಚಲೋ ಇತ್ರಿ," ಅಂದ. "ದೇವರಾಣಿ ಹೇಳ್ತೀನಿ, ಆಗಿದ್ರ ಚಲೋ ಇತ್ತು."

ಅವನ ಕೈಯಿಂದ ಪುಸ್ತಕ ತೆಗೆದುಕೊಂಡೆ. ಈ ಸಲ ಕಿತ್ತುಕೊಳ್ಳಲಿಲ್ಲ, ಅವನೇ ಬಿಟ್ಟ. ತಾರೀಖು, ಅಡಿ, ಇಂಚು, ಸಹಿ. ಅಂಚಿನಲ್ಲಿ ಟೈಮು ಇರಲಿಲ್ಲ. ರೇಸಿನ ಮರುದಿನದಿಂದ ಹಿಡಿದು ನಿನ್ನೆಯ ತನಕ, ಪ್ರತಿ ದಿನದ ಮುಂದೆ ಪೆನ್ಸಿಲ್ಲಿನಿಂದ ಒಂದೇ ಶಬ್ದ.

ಇಲ್ಲ. ಇಲ್ಲ. ಇಲ್ಲ. ಇಲ್ಲ.

"ಖಾಲಿ ಬಿಡೋ ಹಂಗಿಲ್ರಿ," ಅಂದ ನೆಲ ನೋಡುತ್ತಾ. "ನೀರು ಇಲ್ಲದ ದಿನಾನೂ ಇಲ್ಲ ಅಂತ ಬರೀಬೇಕು."

ಕಣ್ಣು ತುಂಬಿ ಬಂತು, ಕೆಸರಿನ ನೆವವೂ ಇರಲಿಲ್ಲ. ಅವನ ಜೇಬಿನಿಂದ ಪೆನ್ಸಿಲ್ ಎಳೆದುಕೊಂಡು, ಆ ದಿನದ ತಾರೀಖಿನ ಮುಂದೆ 'ಬಂದಳು' ಎಂದು ಬರೆದು ಪುಸ್ತಕ ವಾಪಸ್ಸು ಕೊಟ್ಟೆ. ಅವನು ಓದಿದ. ಮತ್ತೆ ಓದಿದ. ಕಿವಿಗಳು ಕೆಂಪಾಗುವುದನ್ನು ನಾನು ಆರಾಮಾಗಿ ನಿಂತು ನೋಡಿದೆ.

"ನಮ್ಮಪ್ಪ ಬರೋ ಭಾನುವಾರ ನಿಮ್ಮ ಗೇಜು ನೋಡಾಕ ಬರ್ತಾರಂತ," ಅಂದೆ. "ಕಡ್ಡಿರಾಂಪುರದಾಗೂ ನಿಮ್ಮ ಬಗ್ಗೆ ವಿಚಾರ ಮಾಡ್ತಾರ. ಇಂಚು ಸರಿ ಇಟ್ಕೊಳ್ರಿ."

"ಇಂಚು ಇದ್ದಷ್ಟ ಇರ್ತದ್ರಿ," ಅಂದ.

ಅದಕ್ಕೇ ನಾನು ಸೋತದ್ದು.